ಕೈ ಅಡ್ಡ ಹಿಡಿದವನ ಜೊತೆ ಮುಂಬೈಗೆ

ಹೊಟಗಿ ಜಂಕ್ಷನ್ ದಾಟಿದ ಮೇಲೆ

ಮುಂಬೈಗೆ ಹೋಗುವುದು ಪರದೇಶಯಾತ್ರೆಯೇ ಎಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ವಾದಿಸಬಲ್ಲೆ. ಕಾಗದದ ಮೇಲೆ ನಮ್ಮ ಬಿಜಾಪುರ ಮುಂಬೈ ರಾಜ್ಯದ್ದೇ ಒಂದು ಜಿಲ್ಲೆ. ಸರಕಾರದ ದೃಷ್ಟಿಯಲ್ಲಿ ನಾನು ಪಡಸಾಲೆಯಿಂದ ಅಡುಗೆಮನೆಗೆ ಹೋಗಿ ಬಂದಂತಾಯಿತು ಅಷ್ಟೇ. ಆದರೆ ಜನ ನಿಂತುಕೊಂಡೇ ಚಹಾ ಕುಡಿಯುವ, ಎದುರಿಗೆ ಕೂತವನ ಕುಲಗೋತ್ರ ವಿಚಾರಿಸದೆ ಇಡೀ ಊಟ ಮುಗಿಸುವ ಊರು ಪರದೇಶವಲ್ಲದಿದ್ದರೆ ಇನ್ನಾವುದು ಪರದೇಶ?

ನಾನು ವಕೀಲ. ಕಕ್ಷಿಗಾರರು ನನ್ನನ್ನು ಅಷ್ಟಾಗಿ ಪೀಡಿಸುವುದಿಲ್ಲವಾದ್ದರಿಂದ ಊರೂರು ತಿರುಗಲು ಪುರಸೊತ್ತುಂಟು. ಈ ಸಲ ಹೊರಟದ್ದು ಮಾತ್ರ ತಿರುಗಾಟಕ್ಕಲ್ಲ. ನನ್ನ ಜೊತೆ ಅಂಬಕ್ಕ ಇದ್ದಳು. ಅವಳು ನನ್ನ ಒಬ್ಬಳೇ ಅಕ್ಕ, ಗಂಡನಿಲ್ಲ. ಅವಳ ಪಕ್ಕದಲ್ಲಿ, ರೈಲಿನ ಕಿಟಕಿಯ ಸರಳು ಹಿಡಿದುಕೊಂಡು, ಅವಳ ಮಗ ವೆಂಕಣ್ಣ.

ವೆಂಕಣ್ಣನಿಗೆ ಇಪ್ಪತ್ತಾರು ವರ್ಷ. ಆಳು ಆಲದ ಮರ, ಬುದ್ಧಿ ಸಸಿಯ ಹಾಗೆ ಒಂದೇ ಕಡೆ ನಿಂತುಬಿಟ್ಟಿದೆ. ಮಾತು ಹತ್ತಿಪ್ಪತ್ತು, ಅವೂ ದಿನಾ ಬರುವುದಿಲ್ಲ. ಬಡಪಾಯಿ ಯಾರ ತಂಟೆಗೂ ಹೋಗುವವನಲ್ಲ. ಆದರೆ ಊಟಕ್ಕೆ ಕೂತಾಗ, ಯಾವುದೋ ಗಳಿಗೆಯಲ್ಲಿ, ಅನ್ನ ಸಾರು ಸಮೇತ ತಟ್ಟೆಯನ್ನು ಎತ್ತಿ ಎಸೆದುಬಿಡುತ್ತಾನೆ. ಗುರಿ ಇಟ್ಟು ಎಸೆಯುವುದಿಲ್ಲ, ಆದರೂ ತಪ್ಪುವುದಿಲ್ಲ. ಹೋದ ವರ್ಷ ಬೀಗರ ಕಡೆಯವರೊಬ್ಬರ ಹಣೆಗೆ ಕಟ್ಟು ಹಾಕಿಸಬೇಕಾಯಿತು.

ಅಕ್ಕ ಇರುವ ಮನೆಯ ಯಜಮಾನರು ಅವಳ ಗಂಡನ ಅಣ್ಣ ಗೋವಿಂದರಾಯರು. ಅವರ ಕಿರಿಮಗಳ ಮದುವೆ ಗೊತ್ತಾಗಿತ್ತು. ಅವರು ಅಕ್ಕನನ್ನು ಕರೆದು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಅಂಬವ್ವಾ, ಪಂಕ್ತ್ಯಾಗ ಇವನ ತಾಟು ಹಾರಲಿಲ್ಲಂದ್ರ ಇವ ಮನ್ಯಾಗ ಇರ್ತಾನ. ಹಾರ್ತಂದ್ರ ಮದುವಿಕಿಂತ ಮೊದಲ ಹುಚ್ಚರ ದವಾಖಾನಿ. ನನಗೂ ಕರುಳು ಅದ, ಆದ್ರ ಬೀಗರಿಗೆ ಹಣಿ ಸೈತ ಅದ."

ತಿಂಗಳ ಕೊನೆಗೆ ರಾಯರೇ ಮದುವೆಯ ಜವಳಿಗೆಂದು ಮುಂಬೈಗೆ ಬರುವವರಿದ್ದರು. ದಹಿಸರಿನಲ್ಲಿರುವ ದೊಡ್ಡ ಮಗಳ ಮನೆಯಲ್ಲಿ ಒಂದು ಊಟ, ಅಲ್ಲೇ ಪರೀಕ್ಷೆ. ಅಷ್ಟರೊಳಗೆ ವೆಂಕಣ್ಣನನ್ನು ತಿದ್ದುವ ಸುಮಿತ್ರಾಬಾಯಿ ಎಂಬ ಹೆಂಗಸು ವಿಲೆ ಪಾರ್ಲೆಯಲ್ಲಿದ್ದಾಳೆಂದು ಯಾರೋ ಹೇಳಿದ್ದರು. ನನಗೆ ಒಂದಿಷ್ಟೂ ನಂಬಿಕೆಯಿರಲಿಲ್ಲ. ಪಾಟೀಸವಾಲಿನಲ್ಲಿ ಆಕೆಯ ಬಣ್ಣ ಬಯಲು ಮಾಡಬೇಕೆಂದೇ ಗಾಡಿ ಹತ್ತಿದ್ದೆ.

ದಾದರ್

ದಾದರಿನಲ್ಲಿ ಇಳಿದು ಲೋಕಲ್ ಹಿಡಿಯಬೇಕು. ಹಿಡಿಯುವುದೆಂದರೆ ನಾವು ಅದನ್ನಲ್ಲ, ಅದು ನಮ್ಮನ್ನು. ಹಿಂದಿನಿಂದ ಬಂದ ಜನ ನನ್ನನ್ನೂ ವೆಂಕಣ್ಣನನ್ನೂ ಒಂದು ಡಬ್ಬಿಗೆ ತುಂಬಿದರು, ಅಕ್ಕನನ್ನು ಹೆಂಗಸರ ಡಬ್ಬಿಗೆ. ಹುಟ್ಟಿದಾಗಿನಿಂದ ಮಗನನ್ನು ಕಣ್ಣಳತೆ ಬಿಟ್ಟು ಕಳಿಸದವಳು ಅವಳು. ಬಾಂದ್ರಾದಲ್ಲಿ ಗಾಡಿ ನಿಂತ ಕೂಡಲೇ ಹಿಂದಿನ ಕಿಟಕಿಯಿಂದ ಕೂಗು ಕೇಳಿಸಿತು: "ವೆಂಕೂ, ಹಸಿವ್ಯಾತೇನೋ?" ಖಾರ್‌ನಲ್ಲಿ ಮತ್ತೆ ಅದೇ ಕೂಗು. ಸಾಂತಾಕ್ರೂಜಿನಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಹೋಗುತ್ತಿದ್ದ ಒಬ್ಬ ಅಪರಿಚಿತನ ಕೈಗೆ ಶೇಂಗಾ ಹೋಳಿಗೆ ಕೊಟ್ಟು, ಮುಂದಿನ ಡಬ್ಬಿಗೆ ಮುಟ್ಟಿಸು ಎಂದು ಕೈಸನ್ನೆ ಮಾಡಿದಳಂತೆ. ಅವನು ಅವಳಿಗೆ ನಮಸ್ಕಾರ ಮಾಡಿ ಅಲ್ಲೇ ತಿಂದ.

ನಮ್ಮ ಡಬ್ಬಿಯಲ್ಲಿ ಒಬ್ಬ ನಿಂತಲ್ಲೇ ನಿದ್ದೆ ಹೋಗಿದ್ದ, ಒಬ್ಬ ಗೋಡೆಯೊಂದಿಗೆ ಮಾತಾಡುತ್ತಿದ್ದ, ಇಬ್ಬರು ಭಜನೆ ಹಾಡುತ್ತ ಮೂರನೆಯವನ ಟೋಪಿಯ ಮೇಲೆ ತಾಳ ಹಾಕುತ್ತಿದ್ದರು. ವೆಂಕಣ್ಣ ಬಾಗಿಲ ಬಳಿ ಗಾಳಿಗೆ ಮುಖ ಕೊಟ್ಟು ತೆಪ್ಪಗೆ ನಿಂತಿದ್ದ. ಊರಿನಲ್ಲಿ ಅವನು ಬೀದಿಗೆ ಬಂದರೆ ಅಂಗಡಿಯವರೆಲ್ಲ ಕತ್ತು ಹೊರಗೆ ಹಾಕಿ ನೋಡುತ್ತಾರೆ. ಇಲ್ಲಿ ಒಬ್ಬನೂ ನೋಡಲಿಲ್ಲ. ಆ ಡಬ್ಬಿಯಲ್ಲಿ ನೆಟ್ಟಗಿದ್ದವನು ಅವನೊಬ್ಬನೇ ಎಂದು ನನಗನ್ನಿಸಿತು. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ, ಏಕೆಂದರೆ ನಾನು ಆ ಹೊತ್ತಿಗೆ ಯಾರದೋ ಕಾಲ ಮೇಲೆ ನಿಂತು ಅವರೊಂದಿಗೇ ಜಗಳ ತೆಗೆದಿದ್ದೆ.

ವಿಲೆ ಪಾರ್ಲೆ

ಸುಮಿತ್ರಾಬಾಯಿ ಉಡುಪಿ ಕಡೆಯವರು. ಒಂದು ಹಳೇ ಬಂಗಲೆಯ ಕೆಳಗಿನ ಭಾಗದಲ್ಲಿ ಅವರ ಶಾಲೆ. ಅಲ್ಲಿ ಅ ಆ ಇ ಈ ಇಲ್ಲ. ಮೀಸೆ ಬಂದ ವಿದ್ಯಾರ್ಥಿಗಳು ಅಂಗಿಗೆ ಗುಂಡಿ ಹಾಕುವುದು, ತಲೆಗೆ ನೀರು ಹೊಯ್ದುಕೊಳ್ಳುವುದು, ಮೂಲೆಯ ಅಂಗಡಿಗೆ ಹೋಗಿ ಕೊತ್ತಂಬರಿ ತರುವುದು ಕಲಿಯುತ್ತಾರೆ. ಒಬ್ಬ ಗುಂಡಿ ಹಾಕಲು ತಿಣುಕುತ್ತಿದ್ದರೆ ಬಾಯಿ ಎದುರಿಗೆ ಕೂತು ಸುಮ್ಮನೆ ನೋಡುತ್ತಾರೆ. ಅಷ್ಟು ಹೊತ್ತಿನಲ್ಲಿ ನಮ್ಮ ಕೋರ್ಟಿನಲ್ಲಿ ಒಂದು ಸಾಕ್ಷಿ ಮುಗಿದು ಹೋಗುತ್ತದೆ. ಬಾಯಿ ಕೈ ಹಾಕುವುದಿಲ್ಲ.

ಜಯಂತಿಲಾಲ ಎಂಬ ಗುಜರಾತಿಯೊಬ್ಬನಿದ್ದ. ಯಾರಾದರೂ ಮೈಗೆ ತಾಗಿದಂತೆ ನಿಂತರೆ ಕಪಾಳಕ್ಕೆ ಬಿಗಿಯುತ್ತಿದ್ದನಂತೆ. ಬಾಯಿ ಅವನಿಗೆ ಕಲಿಸಿದ್ದು ಎರಡೇ ಮಾತು: "ಜರಾ ಹಟೋ." ಈಗ ಅವನು ಲೋಕಲ್ ಹತ್ತಿ ಗಂಭೀರವಾಗಿ ಹಾಗೆಂದರೆ ಜನ ಸರಿಯುತ್ತಾರೆ. ನಾನೂ ಒಂದು ದಿನ ಅದೇ ಠೀವಿಯಲ್ಲಿ ಪ್ರಯತ್ನಿಸಿದೆ. ನನ್ನನ್ನು ಗಾಡಿಯಿಂದಲೇ ಸರಿಸಿದರು.

ಆ ಶಾಲೆಯ ವಿಚಿತ್ರವೆಂದರೆ ಶಿಸ್ತೆಲ್ಲ ಬಂಧುಗಳಿಗೆ. ಪಾಠ ನಡೆಯುವಾಗ ತಾಯಂದಿರು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರಬೇಕು. ನಡುವೆ ಬಾಯಿ ಹಾಕಿದವರು ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಸುಲಿಯಬೇಕು. ಮೊದಲ ದಿನ ನಾನು ಪಾಟೀಸವಾಲು ಆರಂಭಿಸಿದೆ: "ಬಾಯಾರ, ನಿಮ್ಮ ಈ ಪದ್ಧತಿಗೆ ಆಧಾರ ಏನು?" ಬಾಯಿ ಮುಗುಳ್ನಕ್ಕು, "ಬೆಳ್ಳುಳ್ಳಿ ಆ ಬುಟ್ಟಿಯಲ್ಲಿ ಉಂಟು, ವಕೀಲರೇ" ಎಂದರು. ವಾರದೊಳಗೆ ಆ ಮನೆಯ ಬೆಳ್ಳುಳ್ಳಿಯೆಲ್ಲ ನನ್ನ ಕೈಯಲ್ಲೇ ತೀರಿತು. ನಮ್ಮಂಥ ಮಾಧ್ವರ ಮನೆಯಲ್ಲಿ ಬೆಳ್ಳುಳ್ಳಿ ಒಳಗೆ ಬರುವುದಿಲ್ಲ. ಬೆರಳಿನ ವಾಸನೆಗೆ ಅಕ್ಕ ಬಿಡಾರದಲ್ಲಿ ನನ್ನನ್ನು ದೇವರ ಪಟದಿಂದ ದೂರ ಕೂರಿಸುತ್ತಿದ್ದಳು.

ಎರಡನೆಯ ದಿನ ಬಾಯಿ, "ನಿಮ್ಮ ಮನೆಯಲ್ಲಿ ಹೇಗೋ ಹಾಗೇ ಇವನಿಗೆ ಊಟ ಬಡಿಸಿ, ನಾನು ನೋಡಬೇಕು" ಎಂದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. ಅದು ಅವಳ ರಾಜ್ಯ. ಮೇಲೆ ವಿಮಾನವೊಂದು ಛಾವಣಿಗೇ ತಾಗುವಂತೆ ಹೋಯಿತು. ಅದು ಎಲ್ಲಿ ಧೂಳು ಉದುರಿಸುತ್ತದೋ ಎಂದು ಅಕ್ಕ ಅನ್ನದ ಪಾತ್ರೆಗೆ ಸೆರಗು ಮುಚ್ಚಿದಳು, ಆಮೇಲೆ ಬಡಿಸಿದಳು. ವೆಂಕಣ್ಣ ಚೆನ್ನಾಗಿಯೇ ಉಂಡ. "ಇನ್ನೊಂದೀಟು ಅನ್ನ" ಎಂದಳು. ಅವನು ಮುಖ ತಿರುಗಿಸಿದ. ಹಾಕಿದಳು. "ಹೋಳಗಿ?" ಅವನು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟ. "ಒಂದ ಒಂದು, ನನ್ನಾಣಿ!" ಎಂದು ಬೆರಳ ಸಂದಿಯಲ್ಲಿ ಹೋಳಿಗೆ ತೂರಿಸಿ ಮೇಲೆ ತುಪ್ಪ ಹೊಯ್ದಳು.

ತಟ್ಟೆ ಹಾರಿತು. ಜಯಂತಿಲಾಲ ತಲೆ ತಗ್ಗಿಸಿ ತಪ್ಪಿಸಿಕೊಂಡ.

ಬಾಯಿ ನೆಲದ ಅನ್ನ ನೋಡಲಿಲ್ಲ, ಅಕ್ಕನನ್ನು ನೋಡಿದರು. "ಅಲ್ಲ ಅಂಬಾಬಾಯಿ, ಅವನು ಬೇಡ ಅಂತ ಆಗಲೇ ಹೇಳಿದ್ದಾನಲ್ಲ. ಮುಖ ತಿರುಗಿಸಿ ಹೇಳಿದ, ಕೈ ಇಟ್ಟು ಹೇಳಿದ. ನಿಮಗೆ ಕೇಳಿಸಿದ್ದು ತಟ್ಟೆ ಹಾರಿದ ಮೇಲೆ."

"ಕೈ ಅಡ್ಡ ಹಿಡದ್ರ ಬ್ಯಾಡ ಅಂತೇನ್ರಿ?" ಅಕ್ಕನಿಗೆ ನಿಜವಾಗಿಯೂ ಆಶ್ಚರ್ಯ. "ನಮ್ಮ ಕಡೆ ಅದು ಮರ್ಯಾದಿರಿ! ಕೈ ಅಡ್ಡ ಹಿಡೀಲಾರದವ್ರಿಗೆ ಹೊಟ್ಟಿಬಾಕ ಅಂತಾರ. ಕೈ ನೋಡಿ ಬಿಟ್ಟವ್ರಿಗೆ ಜಿಪುಣ ಅಂತಾರ."

ಅಕ್ಕ ಹೇಳಿದ್ದರಲ್ಲಿ ಸುಳ್ಳಿಲ್ಲ, ನಾನೇ ಸಾಕ್ಷಿ. ನಮ್ಮ ಕಡೆ ಅತಿಥಿ ಬೇಡವೆನ್ನಬೇಕು, ಯಜಮಾನ ಹಾಕಬೇಕು. ಅತಿಥಿ ಎಲೆಯ ಮೇಲೆ ಬಾಗಿ ಎರಡೂ ಕೈ ಅಡ್ಡ ಹಿಡಿಯಬೇಕು, ಯಜಮಾನ ಆ ಕೈಗಳ ಮೇಲೇ ತುಪ್ಪದ ಅಭಿಷೇಕ ಮಾಡಬೇಕು. ಒಮ್ಮೆ ನನ್ನ ಕಕ್ಷಿಗಾರನೊಬ್ಬ ಹೊಟ್ಟೆನೋವಿನಿಂದ ನಿಜವಾಗಿಯೇ ಬೇಡವೆಂದಿದ್ದ. ಅವನು ಆಣೆ ಮಾಡಿದ, ನಾವು ನಗುತ್ತ ನಾಲ್ಕು ಹೆಚ್ಚು ಹಾಕಿದೆವು. ಆ ಆಟದ ನಿಯಮ ಎಲ್ಲರಿಗೂ ಗೊತ್ತು. ವೆಂಕಣ್ಣನಿಗೆ ಮಾತ್ರ ಅದು ಆಟವೆಂದು ಯಾರೂ ಹೇಳಿರಲಿಲ್ಲ. ಅವನ ಬೇಡಕ್ಕೆ ಬೇಡವೆಂದೇ ಅರ್ಥ.

ಇದನ್ನು ನಾನು ಬಾಯಿಗೆ ವಿವರಿಸಹೋದೆ. ಮತ್ತೆ ಬೆಳ್ಳುಳ್ಳಿ.

ಫೋರ್ಟ್

ಬಾಯಿಯ ಉಪಾಯ ಸರಳವಾಗಿತ್ತು. ವೆಂಕಣ್ಣ ಕೈ ಇಟ್ಟಾಗ ನಿಲ್ಲುವ ಜನ ಅವನಿಗೆ ಬೇಕು. ಕೈ ಇಟ್ಟರೂ ಯಾರಾದರೂ ಹಾಕಿದರೆ ಎಸೆಯುವ ಬದಲು ಮಾಡಲು ಒಂದು ಕೆಲಸ ಬೇಕು: ತಟ್ಟೆ ಎತ್ತಿಕೊಂಡು ಹೋಗಿ ಮೋರಿಯಲ್ಲಿ ತೊಳೆದು, ಬೋರಲು ಹಾಕಿ ಬರುವುದು. ಮೋರಿ ಎಂದರೆ ಆ ಊರಿನವರ ಬಚ್ಚಲಕಟ್ಟೆ. ತೊಳೆಯುವುದನ್ನು ಬಂಗಲೆಯಲ್ಲೇ ಕಲಿಸಿದರು. ಕೈ ನೋಡಿ ನಿಲ್ಲುವ ಜನರನ್ನು ಹುಡುಕಿಕೊಂಡು ಫೋರ್ಟಿಗೆ ಹೋದೆವು.

ಅಲ್ಲಿ ಬಾಯಿಯ ಊರಿನವರದೇ ಒಂದು ಹೋಟೆಲು. ಆಫೀಸುಗಳ ಊಟದ ಗದ್ದಲ ಇಳಿದ ಮೇಲೆ ನಮಗೆ ಮೂಲೆಯ ಮೇಜು. ಬಡಿಸುವವನು ಶೀನಣ್ಣ, ಕುಂದಾಪುರದ ಕಡೆಯವನು. ಸಾಂಬಾರಿನ ಬಕೆಟ್ ಹಿಡಿದು ಬಂದ. ವೆಂಕಣ್ಣ ಕೈ ಇಟ್ಟ. ಶೀನಣ್ಣ ಮುಂದಿನ ಮೇಜಿಗೆ ಹೋದ.

ಅಷ್ಟೇ. ಆಣೆಯಿಲ್ಲ, ಮೈಗೆ ಹುಷಾರಿಲ್ಲವೇ ಎಂದು ಕೇಳಲಿಲ್ಲ, ಅಡುಗೆ ರುಚಿಯಿಲ್ಲವೇ ಎಂದು ಮುನಿಸಿಲ್ಲ. ಅವನಿಗೆ ನಮ್ಮ ಮೇಲೆ ಕವಡೆಯಷ್ಟು ಪ್ರೀತಿಯಿರಲಿಲ್ಲ. ವೆಂಕಣ್ಣ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಮತ್ತೆ ಶೀನಣ್ಣ ಪಲ್ಯ ತಂದಾಗ, ಪಲ್ಯ ಬೇಕಿದ್ದರೂ, ಸುಮ್ಮನೆ ಕೈ ಇಟ್ಟು ನೋಡಿದ. ಶೀನಣ್ಣ ನಿಂತ. ವೆಂಕಣ್ಣ ಕೈ ತೆಗೆದ. ಶೀನಣ್ಣ ಬಗ್ಗಿದ. ಮತ್ತೆ ಕೈ ಇಟ್ಟ. "ಎಂತ ಮಾರಾಯಾ, ನನ್ನನ್ನು ಕುಣಿಸ್ತೀಯಾ?" ಎಂದ ಶೀನಣ್ಣ. ವೆಂಕಣ್ಣ ಬಾಯಿ ತುಂಬ ನಕ್ಕ. ನಾನು ಅವನ ನಗೆ ನೋಡಿ ಎಷ್ಟು ಕಾಲವಾಗಿತ್ತೋ.

ದಿನವೂ ಹೀಗೇ ನಡೆದಿದ್ದರೆ ಚೆನ್ನಿತ್ತು. ಒಂದು ಮಧ್ಯಾಹ್ನ ಶೀನಣ್ಣ ಆಚೆ ತಿರುಗಿದ್ದೇ ತಡ, ಅಕ್ಕ ಸೆರಗಿನ ಗಂಟಿನಿಂದ ಶೇಂಗಾ ಹೋಳಿಗೆ ತೆಗೆದು ಅಡ್ಡಕೈಯ ಕೆಳಗೆ ನುಗ್ಗಿಸಿದಳು. ಪಾಪ, ವೆಂಕಣ್ಣನ ಹಳೇ ಅಭ್ಯಾಸ ಹೊಸದಕ್ಕಿಂತ ಚುರುಕು. ತಟ್ಟೆ ಹಾರಿ, ಪಕ್ಕದ ಮೇಜಿನಲ್ಲಿ ಮೊಸರನ್ನ ಕಲಸುತ್ತಿದ್ದ ಒಬ್ಬ ವಕೀಲರ ಎದೆಗೆ ಹೋಗಿ ನಿಂತಿತು. ನಾನು ಓಡಿಹೋಗಿ ಕೈ ಮುಗಿದೆ. ಅವರು ಕೋಟು ಕೊಡವಿ ಮರಾಠಿಯಲ್ಲಿ, "ಕರೀ ಕೋಟಿನ ಮೇಲೆ ಸಾಂಬಾರು ಕಾಣುವುದಿಲ್ಲ ಬಿಡಿ, ಅದಕ್ಕೇ ಹಿರಿಯರು ಈ ಬಣ್ಣ ಆರಿಸಿದ್ದು" ಎಂದು ಊಟ ಮುಂದುವರಿಸಿದರು. ಅವರ ಮೇಲೆ ನನಗೆ ಬಹಳ ಗೌರವ ಬಂತು.

ಹೋಟೆಲಿನ ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ನಮ್ಮ ಕತೆ ಮುಗಿಯಿತು ಎಂದುಕೊಂಡೆ. ಅವರು, "ಹುಡುಗ ನಾಳೆಯಿಂದ ಬರಲಿ, ತೊಂದರೆ ಇಲ್ಲ. ಈ ಅಮ್ಮ ಮಾತ್ರ ಹೊರಗೆ ಕೂತುಕೊಳ್ಳಲಿ" ಎಂದರು.

ಹೊರಗಿನ ಬೆಂಚು

ಮರುದಿನ ಒಳಗೆ ವೆಂಕಣ್ಣ ಬಾಯಿಯ ಜೊತೆ ಉಣ್ಣುತ್ತಿದ್ದರೆ, ಹೊರಗೆ ಫುಟ್‌ಪಾತಿನ ಬೆಂಚಿನ ಮೇಲೆ ಅಕ್ಕ, ಪಕ್ಕದಲ್ಲಿ ನಾನು. ಬ್ಯಾಂಕಿನ ಜವಾನರು, ಟೈಪಿಸ್ಟರು ದಡದಡ ಹೋಗುತ್ತಿದ್ದರು. ನಾನು ಅಕ್ಕನನ್ನು ಕೆಣಕಿದೆ: "ಮುಂಬೈಗೆ ಬಂದು ಗಡೀಪಾರಾದ ಮೊದಲ ಹೆಂಗಸು ನೀನಽ ನೋಡು."

ಅವಳು ನಗಲಿಲ್ಲ. ಕೈಗಳು ತಾವಾಗಿಯೇ ತೊಡೆಯ ಕೆಳಗೆ ಹೋಗಿದ್ದವು. "ತಮ್ಮಾ, ಅವ ನನ್ನ ಜೋಡಿ ಮಾತಾಡಂಗಿಲ್ಲ. ಉಣಸೂದೊಂದ ನಮ್ಮಿಬ್ಬರ ಮಾತು. ಅದನ್ನೂ ಬಿಡು ಅಂದ್ರ ನಾ ಅವಗ ಏನಾಗಬೇಕೋ?"

ನನಗೂ ದುಃಖ ಉಕ್ಕಿ ಬಂತು. ಒಳಗಿನಿಂದ ಬಾಯಿ ಬಂದು ಅಕ್ಕನ ಪಕ್ಕ ಕೂತರು. "ಉಣಿಸುವುದು ಬಿಡಿ ಅಂತ ಯಾರು ಹೇಳಿದರು? ಅವನ ಕೈ ಬಂದಾಗ ನಿಲ್ಲಿ. ಅಷ್ಟೇ. ನಿಂತರೆ ಅವನು ಮತ್ತೇನಾದರೂ ಹೇಳಿಯಾನು" ಎಂದರು. ಅಕ್ಕ ಮೂಗೊರೆಸಿಕೊಂಡು, "ಏನ್ ಹೇಳ್ತಾನ?" ಎಂದಳು. "ನನಗೆಂತ ಗೊತ್ತು? ನಿಮ್ಮ ಮಗ" ಎಂದರು ಬಾಯಿ.

ದಹಿಸರ್

ದಹಿಸರಿಗೆ ಬಂದರೆ ಮುಂಬೈ ಮುಗಿದು ಮತ್ತೆ ಊರು ಶುರುವಾಗುತ್ತದೆ. ಗದ್ದೆ, ಎಮ್ಮೆ, ನಡುವೆ ಗೋವಿಂದರಾಯರ ಅಳಿಯನ ಕಿರಾಣಿ ಅಂಗಡಿ, ಹಿಂದೆ ಮನೆ. ನಾನು ಮೊದಲೇ ಹೋಗಿ ರಾಯರ ದೊಡ್ಡ ಮಗಳು ಪದ್ದಿಗೆ ಚೆನ್ನಾಗಿ ಹೇಳಿಕೊಟ್ಟಿದ್ದೆ: ವೆಂಕಣ್ಣ ಕೈ ಇಟ್ಟರೆ ಮುಂದಕ್ಕೆ ಹೋಗು, ನಿನಗೆ ಪುಣ್ಯ ಬರುತ್ತದೆ.

ಪಂಕ್ತಿಯಲ್ಲಿ ರಾಯರು, ಅಳಿಯ, ವೆಂಕಣ್ಣ, ನಾನು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅನ್ನ, ತೊವ್ವೆ, ಪಲ್ಯ ಎಲ್ಲ ಸರಾಗ ಸಾಗಿತು. ಹೋಳಿಗೆ ಬಂತು. ಒಂದು ತಿಂದು ವೆಂಕಣ್ಣ ಕೈ ಇಟ್ಟ. ಪದ್ದಿ ಮುಂದೆ ಹೆಜ್ಜೆ ಹಾಕಿದಳು.

"ಏ ಪದ್ದಿ!" ರಾಯರ ಗಂಟಲು ಏರಿತು. "ಅವಗ್ಯಾಕ ಬಿಟ್ಟಿ? ನನ್ನ ತಮ್ಮನ ಮಗ ಅವ. ನನ್ನ ಮುಂದ ಅರ್ಧಾ ಹೊಟ್ಟಿ ಏಳಬೇಕೇನು? ಹಾಕು!"

ದವಾಖಾನೆಗೆ ಕಳಿಸಲು ತಯಾರಾದ ಮನುಷ್ಯನಿಗೂ ಉಪಚಾರ ತಪ್ಪಬಾರದು, ನೋಡಿ! ನಾನು "ರಾಯರ, ಅವಗ ಸಾಕಂತ" ಎಂದೆ. "ಕೈ ಅಡ್ಡ ಹಿಡದಾನಂದ್ರ ಬೇಕಂತ ಅರ್ಥ, ವಕೀಲಸಾಹೇಬ್ರ. ಇಷ್ಟೂ ತಿಳೀದ?" ಎಂದರು. ಅಪ್ಪನ ಮಾತು ಮೀರಲಾರದೆ ಪದ್ದಿ ಅಳುಮುಖ ಮಾಡಿಕೊಂಡು ಅವನ ಕೈಯ ಮೇಲೇ ಹೋಳಿಗೆ ಇಟ್ಟು ತುಪ್ಪ ಹೊಯ್ದಳು.

ತನ್ನ ಕೈಯ ಮೇಲೆ ಕೂತ ಹೋಳಿಗೆಯನ್ನು ವೆಂಕಣ್ಣ ನೋಡಿದ. ತುಪ್ಪ ಮಣಿಕಟ್ಟಿಗೆ ಇಳಿಯಿತು. ಎಡಗೈ ತಟ್ಟೆಯ ಅಂಚು ಹಿಡಿಯಿತು. ಅಳಿಯ ಮೆಲ್ಲಗೆ ಹಿಂದಕ್ಕೆ ಸರಿದ. ಅಕ್ಕ ಕಣ್ಣು ಮುಚ್ಚಿಕೊಂಡಳು.

ವೆಂಕಣ್ಣ ಎದ್ದ. ತಟ್ಟೆ ಹಿಡಿದುಕೊಂಡು ನಮ್ಮೆಲ್ಲರನ್ನು ದಾಟಿ ಮೋರಿಗೆ ಹೋದ. ನೀರಿನ ಸದ್ದು ಕೇಳಿಸಿತು.

"ಪಂಕ್ತಿ ಮುರದ!" ರಾಯರು ಸಿಡಿದರು. "ಹಿರ್ಯಾರು ಕೂತಿರಬೇಕಾದ್ರ ನಡುವಽ ಎದ್ದ!"

ಅಯ್ಯೋ ನಮ್ಮ ಕರ್ಮವೇ. ಹಿರಿಯರು ಏಳುವ ತನಕ ಪಂಕ್ತಿಯಲ್ಲಿ ಯಾರೂ ಏಳಬಾರದೆಂಬುದು ನಮಗೆಲ್ಲ ಹಾಲಿನೊಂದಿಗೆ ಬಂದದ್ದು. ಉಡುಪಿ ಹೋಟೆಲಿನಲ್ಲಿ ಉಂಡವನು ಉಂಡ ಕೂಡಲೇ ಎದ್ದು ಹೋಗುತ್ತಾನೆ. ಅಲ್ಲಿ ಕಲಿತವನಿಗೆ ಇದನ್ನು ಹೇಳಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ನಾನು ವಾದಕ್ಕಿಳಿದೆ: "ರಾಯರ, ನಿಮ್ಮ ಕರಾರು ತಾಟು ಹಾರಬಾರದು ಅಂತ. ಹಾರಿಲ್ಲ. ನಡಕೊಂಡು ಹೋಗ್ಯದ." ರಾಯರು ನನ್ನತ್ತ ನೋಡಿದ ನೋಟಕ್ಕೆ ಎಂಥ ಕಕ್ಷಿಗಾರನೂ ರಾಜಿಗೆ ಬರುತ್ತಿದ್ದ.

ಅಷ್ಟರಲ್ಲಿ ವೆಂಕಣ್ಣ ಕೈ ತೊಳೆದುಕೊಂಡು ಹೊರಗೆ ಬಂದ. ಪದ್ದಿಯ ಕೈಯಲ್ಲಿದ್ದ ಬುಟ್ಟಿಯಿಂದ ಒಂದು ಹೋಳಿಗೆ ಎತ್ತಿಕೊಂಡ. ಸೀದಾ ಹೋಗಿ ದೊಡ್ಡಪ್ಪನ ಎದುರಿಗೆ ಬಗ್ಗಿ ನಿಂತ. ವರ್ಷಗಟ್ಟಲೆ ಕೇಳಿಸಿಕೊಂಡಿದ್ದನ್ನು, ಅಕ್ಕನ ರಾಗದಲ್ಲೇ, ಹೊರಗೆ ಬಿಟ್ಟ: "ಒಂದ ಒಂದು. ನನ್ನಾಣಿ."

ರಾಯರ ಬಾಯಿ ತೆರೆದೇ ಉಳಿಯಿತು. ಆದರೆ ಕೈ ಕೇಳಬೇಕಲ್ಲ! ಅರವತ್ತು ವರ್ಷದ ರೂಢಿ. ಅದು ತಾನಾಗಿ ಹೋಗಿ ತಟ್ಟೆಗೆ ಅಡ್ಡ ನಿಂತಿತು.

ವೆಂಕಣ್ಣ ಆ ಕೈಯನ್ನು ನೋಡಿದ. ನಿಂತ. ಹೋಳಿಗೆಯನ್ನು ತಿರುಗಿ ಬುಟ್ಟಿಗೆ ಹಾಕಿ, ಗೋಡೆಗೆ ಒರಗಿ ಕೂತುಬಿಟ್ಟ.

ರಾಯರು ಖಾಲಿ ತಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಅವರಿಗೆ ಆ ಹೋಳಿಗೆ ಬೇಕಿತ್ತು. ಅದು ನನಗೆ ಗೊತ್ತು, ಪದ್ದಿಗೆ ಗೊತ್ತು, ಬುಟ್ಟಿಯತ್ತ ಹೊರಳಿದ ಅವರ ಕಣ್ಣಿಗೂ ಗೊತ್ತು. ಕೇಳುವಂತಿಲ್ಲ, ಮರ್ಯಾದೆ! ಮೊದಲು ಕಿಸಕ್ಕೆಂದದ್ದು ಬಾಗಿಲಲ್ಲಿದ್ದ ಅಕ್ಕ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಆಮೇಲೆ ಪದ್ದಿ, ಆಮೇಲೆ ಅಳಿಯ. ನಾನು ತೊವ್ವೆ ನೆತ್ತಿಗೇರಿಸಿಕೊಂಡು ಕೆಮ್ಮಿದೆ.

ಕೊನೆಗೆ ರಾಯರು ಉತ್ತರಾಪೋಶನ ತಗೊಂಡು ಏಳುತ್ತ, ಯಾರನ್ನೂ ನೋಡದೆ ಗುಡುಗಿದರು: "ಮದುವ್ಯಾಗ ಇವನ ಕೈಯಾಗ ಹೋಳಗಿ ಬುಟ್ಟಿ ಕೊಡಬ್ಯಾಡ್ರಿ. ಬೀಗರು ಉಪಾಸ ಏಳ್ತಾರ."

"ಹಂಗಾರ ಮದುವ್ಯಾಗ ಇರ್ತಾನೇನ್ರಿ, ಭಾವನವರ?" ಅಕ್ಕ ಬಾಗಿಲು ಬಿಟ್ಟು ಮುಂದೆ ಬಂದಳು.

"ಮನೀ ಹುಡುಗ ಮನ್ಯಾಗ ಇರಲಾರದ ಎಲ್ಲಿ ಹೋಗ್ತಾನ?" ಎಂದು ರಾಯರು ನಮಗೇ ಗದರಿದರು.

ಮರಳಿ

ಹೊರಡುವ ದಿನ ಸುಮಿತ್ರಾಬಾಯಿ ನನಗೊಂದು ಪೊಟ್ಟಣ ಕೊಟ್ಟರು. ಗಾಡಿಯಲ್ಲಿ ಬಿಚ್ಚಿದೆ. ಬೆಳ್ಳುಳ್ಳಿ, ಸುಲಿಯದ್ದು. ಅಕ್ಕ ಅದನ್ನು ಕಿಟಕಿಯ ಹೊರಗೆ ಎಸೆದಳು. ನಮ್ಮ ವಂಶದಲ್ಲಿ ಎಸೆಯುವ ಗುಣ ಯಾರ ಕಡೆಯಿಂದ ಬಂತೆಂದು ಆಗ ತಿಳಿಯಿತು.

ಘಾಟು ಹತ್ತಿದ ಮೇಲೆ ಅಕ್ಕ ಬುತ್ತಿ ಬಿಚ್ಚಿದಳು. ಮೂವರಿಗೂ ಹಂಚಿದಳು. ವೆಂಕಣ್ಣ ಒಂದು ಹೋಳಿಗೆ ತಿಂದ. ಅವಳು ಇನ್ನೊಂದನ್ನು ಎತ್ತಿ ಅವನ ತಟ್ಟೆಯವರೆಗೂ ಒಯ್ದಳು. ಅವನ ಕೈ ಅಡ್ಡ ಬಂತು. ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ತುಟಿಯಲ್ಲಿ "ನನ್ನಾಣಿ" ಬಂದು ಕೂತಿತ್ತು, ನುಂಗಿಕೊಂಡಳು. ಆ ಹೋಳಿಗೆ ನನ್ನ ತಟ್ಟೆಗೆ ಬಂತು. ನಾನು ಕೈ ಅಡ್ಡ ಹಿಡಿಯುವ ತಪ್ಪು ಮಾಡಲಿಲ್ಲ. ಆರಾಮಾಗಿ ತಿನ್ನೋಣವೆಂದು ಮುಟ್ಟದೆ ಪಕ್ಕಕ್ಕಿಟ್ಟುಕೊಂಡೆ.

ಪುಣೆ ದಾಟಿರಬೇಕು. ವೆಂಕಣ್ಣ ಕಿಟಕಿ ಬಿಟ್ಟು ಇತ್ತ ತಿರುಗಿದ. ತೊಡೆಯ ಮೇಲಿದ್ದ ಖಾಲಿ ತಟ್ಟೆಯನ್ನು ಅವ್ವನ ಕಡೆಗೆ ನೂಕಿದ.

"ಅವ್ವಾ. ಇನ್ನೊಂದ."

ಅವನು ಹುಟ್ಟಿದ ಮೇಲೆ ತಾನಾಗಿ ಕೇಳಿದ್ದು ಅದೇ ಮೊದಲು. ಕೇಳುವ ಮೊದಲೇ ಎಲ್ಲ ತಟ್ಟೆಗೆ ಬಂದುಬಿಡುತ್ತಿದ್ದವನು ಕೇಳುವುದಾದರೂ ಯಾವಾಗ? ಅಕ್ಕ ಬುತ್ತಿಗೆ ಕೈ ಹಾಕಿದಳು. ಖಾಲಿ. ಅವಳ ಕಣ್ಣು ತುಂಬಿತ್ತು, ಆದರೂ ನನ್ನ ತಟ್ಟೆಯಲ್ಲಿದ್ದ ಹೋಳಿಗೆ ಅವಳಿಗೆ ಸ್ಪಷ್ಟವಾಗಿ ಕಂಡಿತು.

ನಾನು ತಟಕ್ಕನೆ ಕೈ ಅಡ್ಡ ಹಿಡಿದೆ. ನನ್ನ ಕೈಗೆ ಅಕ್ಕ ನಿಲ್ಲಲಿಲ್ಲ.